ಪರದೇಶದಲ್ಲಿ ಮೊದಲ ಹೆಜ್ಜೆ, ಮೊದಲ ಮಾತು: ಮಗುವಿನ ಬೆಳವಣಿಗೆಯನ್ನು ಯಾವ ಲೆಕ್ಕದಲ್ಲಿ ನೋಡಬೇಕು?

ಕಂಪನಿಯ ಕೆಲಸದ ಮೇಲೆ ಎರಡು ವರ್ಷದ ಮಟ್ಟಿಗೆ ಅಮೆರಿಕಕ್ಕೆ ಹೋಗಿರುವ ಕನ್ನಡದ ಮನೆಯೊಂದನ್ನು ಊಹಿಸಿಕೊಳ್ಳಿ. ಮಗಳಿಗೆ 18 ತಿಂಗಳು ತುಂಬಿದೆ. ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ತಾಯಿಯ ಕೈಗೆ ಒಂದು ಪ್ರಶ್ನಾವಳಿ ಬರುತ್ತದೆ: ಮಗು ಯಾವ ಆಸರೆಯೂ ಇಲ್ಲದೆ ನಡೆಯುತ್ತದೆಯೇ, ಇಷ್ಟವಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಅಪ್ಪ ಅಮ್ಮ ಎನ್ನುವುದನ್ನು ಬಿಟ್ಟು ಎಷ್ಟು ಪದ ಆಡುತ್ತದೆ? ತಾಯಿ ಸ್ವಲ್ಪ ಯೋಚಿಸಿ ‘ಎರಡು’ ಎಂದು ಬರೆಯುತ್ತಾರೆ. ಅವರ ಮನಸ್ಸಿನಲ್ಲಿದ್ದದ್ದು ‘ಬಾಲ್’ ಮತ್ತು ‘ನೋ’. ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿರುವ ಅದೇ ಮಗು ರಸ್ತೆಯ ಪಕ್ಕದ ನಾಯಿಯನ್ನು ಕಂಡು ‘ಬೌ ಬೌ’ ಎನ್ನುತ್ತದೆ, ಹಸಿವಾದಾಗ ‘ಮಮ್ಮು’ ಎನ್ನುತ್ತದೆ, ಕಣ್ಣು ಎಳೆಯತೊಡಗಿದಾಗ ‘ತಾಚಿ’ ಎನ್ನುತ್ತದೆ. ಇವುಗಳಲ್ಲಿ ಒಂದೂ ಆ ಹಾಳೆಯ ಮೇಲೆ ಹೋಗಿರಲಿಲ್ಲ. ಅದೇ ರಾತ್ರಿ ವಿಡಿಯೊ ಕರೆಯಲ್ಲಿ ಹಾಸನದ ಅಜ್ಜಿ ಮಗನಿಗೆ, ‘ಈ ವಯಸ್ಸಿಗೆ ನೀನು ಪಟಪಟ ಅಂತ ಮಾತಾಡ್ತಿದ್ದೆಯಲ್ಲೋ’ ಎನ್ನುತ್ತಾರೆ.

ಒಂದೇ ಮಗು, ಒಂದೇ ದಿನ, ಮೂರು ಲೆಕ್ಕ. ತಾತ್ಕಾಲಿಕವಾಗಿ ಹೊರದೇಶದಲ್ಲಿರುವ ಕುಟುಂಬಗಳಿಗೆ ಈ ಗೊಂದಲ ಮಿಕ್ಕವರಿಗಿಂತ ಹೆಚ್ಚು. ಏಕೆಂದರೆ ಅಲ್ಲಿ ವೈದ್ಯರು ಹೊಸಬರು, ಭಾಷೆ ಎರಡು, ಅನುಭವಸ್ಥ ಹಿರಿಯರು ದೂರದಲ್ಲಿ, ಮೇಲಾಗಿ ಎಲ್ಲ ಚಿಂತೆಯನ್ನೂ ‘ಊರಿಗೆ ಹೋದ ಮೇಲೆ ನೋಡೋಣ’ ಎಂದು ಮುಂದಕ್ಕೆ ತಳ್ಳುವ ಅವಕಾಶವೊಂದು ಸದಾ ತೆರೆದಿರುತ್ತದೆ.

ಮೈಲಿಗಲ್ಲು ಎಂದರೆ ಏನು

ಮಕ್ಕಳ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ತೂಕ, ಉದ್ದ, ತಲೆಯ ಸುತ್ತಳತೆ ಇವು ದೇಹದ ಬೆಳವಣಿಗೆ. ತಕ್ಕಡಿ ಮತ್ತು ಟೇಪು ಇದ್ದರೆ ಅಳೆಯಬಹುದು. ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ಹೆಜ್ಜೆ ಇಡುವುದು, ಹೆಸರು ಕರೆದರೆ ತಿರುಗಿ ನೋಡುವುದು, ಮಾತು ಕಲಿಯುವುದು ಇವು ಸಾಮರ್ಥ್ಯದ ಬೆಳವಣಿಗೆ. ಇದಕ್ಕೆ ತಕ್ಕಡಿ ಇಲ್ಲವಾದ್ದರಿಂದ ದಾರಿಯುದ್ದಕ್ಕೂ ಕೆಲವು ಗುರುತುಗಳನ್ನು ಇಟ್ಟುಕೊಂಡು ಮಗು ಅವನ್ನು ಯಾವಾಗ ದಾಟಿತು ಎಂದು ನೋಡುತ್ತಾರೆ. ಆ ಗುರುತುಗಳೇ ಮೈಲಿಗಲ್ಲುಗಳು. ಮೈಕೈಯ ಚಲನೆ, ಬೆರಳುಗಳ ಸೂಕ್ಷ್ಮ ಕೆಲಸ, ಮಾತು ಮತ್ತು ಅರ್ಥ ಮಾಡಿಕೊಳ್ಳುವಿಕೆ, ಇತರರೊಡನೆ ಒಡನಾಟ ಎಂದು ಇವನ್ನು ಸಾಮಾನ್ಯವಾಗಿ ವಿಂಗಡಿಸುತ್ತಾರೆ.

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸುಗಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಬಸ್ಸು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲದರಲ್ಲೂ ನಿಂತು ಹೋಗುತ್ತದೆ. ಇನ್ನೊಂದು ಊರೊಳಗೆ ಕಾಲಿಡದೆ ಹೊರರಸ್ತೆಯಲ್ಲೇ ಸಾಗುತ್ತದೆ. ಎರಡೂ ಮೈಸೂರು ತಲುಪುತ್ತವೆ. ಅಂಬೆಗಾಲು ಇಂತಹದೊಂದು ನಿಲ್ದಾಣ: ಕೆಲವು ಮಕ್ಕಳು ಕುಂಡಿ ಎಳೆದುಕೊಂಡೇ ಮನೆಯೆಲ್ಲ ಸುತ್ತಿ, ಒಂದು ದಿನ ಸೋಫಾ ಹಿಡಿದು ಎದ್ದು ನಿಂತುಬಿಡುತ್ತಾರೆ. ಆದರೆ ಸಂಜೆಯಾದರೂ ಬಸ್ಸು ಬಿಡದಿಯನ್ನೇ ದಾಟಿಲ್ಲವೆಂದರೆ ಏನಾಯಿತೆಂದು ವಿಚಾರಿಸಲೇಬೇಕು. ಯಾವ ನಿಲ್ದಾಣ ತಪ್ಪಿದರೆ ನಡೆಯುತ್ತದೆ, ಯಾವ ಹೊತ್ತಿನ ತನಕ ಕಾಯಬಹುದು ಎಂಬುದನ್ನು ಹೇಳುವುದಷ್ಟೇ ಮೈಲಿಗಲ್ಲಿನ ಪಟ್ಟಿಯ ಕೆಲಸ.

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ವಯಸ್ಸನ್ನು ತಿದ್ದಿ ಲೆಕ್ಕ ಹಾಕುತ್ತಾರೆ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಇಂದು ಹತ್ತು ತಿಂಗಳಾಗಿದ್ದರೆ, ಪಟ್ಟಿಯಲ್ಲಿ ಎಂಟು ತಿಂಗಳ ಸಾಲನ್ನು ನೋಡಬೇಕು. ಈ ತಿದ್ದುಪಡಿಯನ್ನು ಸುಮಾರು ಎರಡು ವರ್ಷದವರೆಗೆ ಬಳಸುತ್ತಾರೆ. ಹೊಸ ದೇಶದ ಹೊಸ ವೈದ್ಯರಿಗೆ ಇದನ್ನು ನಾವೇ ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ.

ಪಟ್ಟಿಯ ಅಂಕಿಗಳು ಎಲ್ಲಿಂದ ಬಂದವು

‘ಅದು ಬಿಳಿಯರ ಮಕ್ಕಳ ಲೆಕ್ಕ, ನಮ್ಮ ಮಕ್ಕಳಿಗೆ ಹೊಂದುವುದಿಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಚಲನೆಯ ಮಟ್ಟಿಗೆ ಇದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿತ್ತು. ಭಾರತದ ಮಕ್ಕಳು ದೆಹಲಿಯವರು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಒಬ್ಬರೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಶೇ 4ಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಅಂದರೆ ಪಕ್ಕದ ಮನೆಯ ಮಗು ಒಂಬತ್ತನೇ ತಿಂಗಳಿಗೆ ನಡೆದು, ನಮ್ಮ ಮಗು ಹದಿನಾರನೇ ತಿಂಗಳಿಗೆ ನಡೆದರೆ ಎರಡೂ ಸಹಜವೇ. ಆರಂಭ ಮತ್ತು ಅಂತ್ಯದ ನಡುವೆ ಒಂಬತ್ತು ತಿಂಗಳಿಗೂ ಮೀರಿದ ಅಂತರವಿರುವಾಗ, ‘ಸರಾಸರಿ’ ಎಂಬ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಕೊರಗುವುದರಲ್ಲಿ ಅರ್ಥವಿಲ್ಲ.

ಅಮೆರಿಕದಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ, ಅಂದರೆ ಸಿಡಿಸಿಯ ಪಟ್ಟಿ. ಇದನ್ನು 2022ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದರು. ಅದಕ್ಕೂ ಮೊದಲಿನ ಪಟ್ಟಿಯಲ್ಲಿ, ಒಂದು ವಯಸ್ಸಿಗೆ ಸುಮಾರು ಅರ್ಧದಷ್ಟು ಮಕ್ಕಳು ಮಾಡುವ ಕೆಲಸವನ್ನು ಆ ವಯಸ್ಸಿನ ಎದುರು ಬರೆಯುವ ಪದ್ಧತಿಯಿತ್ತು. ಅರ್ಧ ಮಕ್ಕಳು ಮಾಡುತ್ತಾರೆಂದರೆ ಇನ್ನರ್ಧ ಮಾಡುವುದಿಲ್ಲವೆಂದೇ ಅರ್ಥ; ಆದ್ದರಿಂದ ಮಗು ಮಾಡದಿದ್ದರೂ ವೈದ್ಯರು ‘ಕಾದು ನೋಡೋಣ’ ಎನ್ನುತ್ತಿದ್ದರು. ಈಗ ಕನಿಷ್ಠ ಶೇ 75ರಷ್ಟು ಮಕ್ಕಳು ಮಾಡುವುದನ್ನು ಮಾತ್ರ ಬರೆಯುತ್ತಾರೆ. ಹೀಗಾಗಿ ಹೊಸ ಪಟ್ಟಿ ಮೇಲುನೋಟಕ್ಕೆ ಸಡಿಲವಾಗಿ ಕಂಡರೂ, ಅದರಲ್ಲಿ ಒಂದು ಸಾಲು ತಪ್ಪಿದರೆ ಅದಕ್ಕೆ ಹಿಂದಿಗಿಂತ ಹೆಚ್ಚು ತೂಕವಿದೆ. ಹೊಸ ಪಟ್ಟಿಗೆ 15 ಮತ್ತು 30 ತಿಂಗಳ ಸಾಲುಗಳು ಸೇರಿದವು, ಅಂಬೆಗಾಲು ಬಿಟ್ಟುಹೋಯಿತು. ಹಳೆಯ ಪಟ್ಟಿಯ ಪ್ರತಿಯನ್ನು ಇಟ್ಟುಕೊಂಡವರು ಎರಡನ್ನೂ ಬೆರೆಸಿ ಓದಿದರೆ ಗೊಂದಲವಾಗುವುದು ಖಂಡಿತ.

ಅಜ್ಜಿಯ ಲೆಕ್ಕ ಏಕೆ ಬೇರೆ

ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿ, ‘ನಮ್ಮಲ್ಲಿ ಮಕ್ಕಳು ನಾಲ್ಕಕ್ಕೇ ಬೋರಲು ಬೀಳ್ತಾವೆ, ಇದ್ಯಾಕೆ ಅಂಗಾತವೇ ಬಿದ್ದಿರುತ್ತೆ’ ಎಂದು ಕೇಳಿದರೆ ಅದಕ್ಕೊಂದು ಕಾರಣವಿರಬಹುದು. ನಿದ್ದೆಯಲ್ಲಿ ಸಂಭವಿಸುವ ಹಠಾತ್ ಸಾವನ್ನು ತಡೆಯಲು ಅಮೆರಿಕದಲ್ಲಿ 1994ರಿಂದ, ಮಗುವನ್ನು ಬೆನ್ನ ಮೇಲೆಯೇ ಮಲಗಿಸಬೇಕೆಂಬ ದೊಡ್ಡ ಪ್ರಚಾರ ನಡೆಯಿತು. ಬೆನ್ನ ಮೇಲೆ ಮಲಗುವ ಮಕ್ಕಳು ಮಗುಚುವುದನ್ನು ತುಸು ತಡವಾಗಿ ಕಲಿಯುತ್ತಾರೆ, ಆದರೆ ನಡೆಯುವ ವಯಸ್ಸು ಅದರಿಂದ ಮುಂದಕ್ಕೆ ಹೋಗುವುದಿಲ್ಲ. ಮಲಗಿಸುವುದು ಬೆನ್ನ ಮೇಲೆ, ಎಚ್ಚರವಿದ್ದಾಗ ಕಣ್ಣೆದುರಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಬೋರಲಾಗಿ ಆಡಿಸುವುದು ಎಂಬುದು ಈಗ ಎಲ್ಲ ವೈದ್ಯರೂ ಹೇಳುವ ಕ್ರಮ.

ಮನೆಯವರು ಯಾವುದನ್ನು ಅಭ್ಯಾಸ ಮಾಡಿಸುತ್ತಾರೋ ಅದು ಬೇಗ ಬರುತ್ತದೆ ಎಂಬುದಕ್ಕೆ ಚೆನ್ನಾಗಿ ತಿಳಿದಿರುವ ಉದಾಹರಣೆ ಕೀನ್ಯಾ ದೇಶದ್ದು. ಅಲ್ಲಿನ ಕಿಪ್ಸಿಗಿಸ್ ಸಮುದಾಯದಲ್ಲಿ ತಾಯಂದಿರು ಮಕ್ಕಳಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಕಲಿಸುತ್ತಾರೆ. ಚಾರ್ಲ್ಸ್ ಸೂಪರ್ ಎಂಬ ಸಂಶೋಧಕ 1976ರಲ್ಲಿ ತೋರಿಸಿದಂತೆ, ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬೇಗ ಕೂರುತ್ತಿದ್ದರು, ಬೇಗ ನಡೆಯುತ್ತಿದ್ದರು. ಆದರೆ ಯಾರೂ ಕಲಿಸದ ಚಲನೆಗಳಲ್ಲಿ ಮುಂದಿರಲಿಲ್ಲ. ನಮ್ಮಲ್ಲಿಯೂ ಎಣ್ಣೆ ಹಚ್ಚಿ ಕೈಕಾಲು ಎಳೆದು ನೀವುವುದು, ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದು, ತೋಳು ಹಿಡಿದು ‘ನಿಂತ್ಕೋ ನಿಂತ್ಕೋ’ ಎಂದು ಆಡಿಸುವುದು ಎಲ್ಲವೂ ಮಗುವಿನ ಮೈಗೆ ಒಂದು ಬಗೆಯ ಅಭ್ಯಾಸವೇ. ಚಳಿಗಾಲದಲ್ಲಿ ಮೂರು ಪದರ ಬಟ್ಟೆಯೊಳಗೆ ದಿಂಬಿನಂತಾಗಿ, ದಪ್ಪ ಕಾರ್ಪೆಟ್ಟಿನ ಮೇಲೆ ಕುಳಿತ ಮಗುವಿಗೆ ಅದೇ ಅಭ್ಯಾಸ ಸಿಗುವುದಿಲ್ಲ.

ಇಲ್ಲಿ ಎರಡು ವಿಷಯಗಳಲ್ಲಿ ಎಚ್ಚರಿಕೆ ಬೇಕು. ಮೊದಲನೆಯದು, ಬಿಸಿಲು. ಉತ್ತರದ ದೇಶಗಳಲ್ಲಿ ಚಳಿಗಾಲದ ಬಿಸಿಲು ಕ್ಷೀಣ, ಮೇಲಾಗಿ ಕಪ್ಪು ಮೈಬಣ್ಣದ ಚರ್ಮಕ್ಕೆ ವಿಟಮಿನ್ ಡಿ ತಯಾರಿಸಲು ಹೆಚ್ಚು ಬಿಸಿಲು ಬೇಕು. ಅದರ ತೀವ್ರ ಕೊರತೆಯಾದರೆ ಮೂಳೆ ಮೆದುವಾಗಿ ನಡಿಗೆಯೂ ತಡವಾಗಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಎದೆಹಾಲು ಕುಡಿಯುವ ಕೂಸುಗಳಿಗೆ ಹುಟ್ಟಿದ ಕೆಲವೇ ದಿನಗಳಿಂದ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಸೂಚಿಸುವುದು ಮೂಳೆಯ ಇದೇ ತೊಂದರೆಯನ್ನು ತಡೆಯುವುದಕ್ಕೆ. ‘ಊರಲ್ಲಿ ಇದೆಲ್ಲ ಎಲ್ಲಿತ್ತು’ ಎಂದು ಅದನ್ನು ಬಿಡುವುದು ಸರಿಯಲ್ಲ. ಊರಲ್ಲಿ ಇದ್ದದ್ದು ಊರಿನ ಬಿಸಿಲು. ಎರಡನೆಯದು, ಮಗುವನ್ನು ಒಳಗೆ ಕೂರಿಸಿ ಓಡಾಡಿಸುವ ಚಕ್ರದ ವಾಕರ್. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುವ ಅಪಾಯ ಮಾತ್ರ ಹೆಚ್ಚು. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಎರಡು ಭಾಷೆಯ ಮನೆಯಲ್ಲಿ ಮಾತನ್ನು ಎಣಿಸುವುದು

ಚಲನೆಗಿಂತ ಹೆಚ್ಚು ತಪ್ಪು ಎಣಿಕೆಯಾಗುವುದು ಮಾತಿನಲ್ಲಿ. ಸಿಡಿಸಿಯ ಪಟ್ಟಿ 18 ತಿಂಗಳಿಗೆ ಅಪ್ಪ ಅಮ್ಮ ಬಿಟ್ಟು ಮೂರು ಅಥವಾ ಹೆಚ್ಚು ಪದ ಹೇಳಲು ಪ್ರಯತ್ನಿಸುವುದನ್ನು, 24 ತಿಂಗಳಿಗೆ ಎರಡು ಪದ ಜೋಡಿಸುವುದನ್ನು, 30 ತಿಂಗಳಿಗೆ ಸುಮಾರು 50 ಪದಗಳನ್ನು ನಿರೀಕ್ಷಿಸುತ್ತದೆ. ಈ ಲೆಕ್ಕವನ್ನು ಒಂದು ಭಾಷೆಗೆ ಸೀಮಿತಗೊಳಿಸಬೇಕೆಂದು ಎಲ್ಲಿಯೂ ಇಲ್ಲ. ಎರಡು ಭಾಷೆ ಕೇಳುತ್ತಾ ಬೆಳೆಯುವ ಮಗುವಿನ ಎರಡೂ ಭಾಷೆಯ ಪದಗಳನ್ನು ಕೂಡಿಸಬೇಕು. ಒಂದು ಜೇಬಿನಲ್ಲಿ ಡಾಲರ್, ಇನ್ನೊಂದರಲ್ಲಿ ರೂಪಾಯಿ ಇಟ್ಟುಕೊಂಡವರ ಬಳಿ ಎಷ್ಟು ಹಣವಿದೆ ಎಂದು ಹೇಳಲು ಎರಡೂ ಜೇಬನ್ನು ನೋಡಬೇಕಲ್ಲವೇ? ‘ಬೌ ಬೌ’, ‘ಅಂಬಾ’, ‘ಮಮ್ಮು’, ‘ತಾಚಿ’, ‘ಟಾಟಾ’ ಇವೆಲ್ಲವೂ ಪದಗಳೇ. ಮಗು ಒಂದೇ ಸದ್ದನ್ನು ಪ್ರತಿ ಸಲವೂ ಒಂದೇ ಅರ್ಥದಲ್ಲಿ ಬಳಸಿದರೆ ಸಾಕು, ಉಚ್ಚಾರ ಸರಿಯಿರಬೇಕಿಲ್ಲ, ನಿಘಂಟಿನಲ್ಲಿ ಇರಬೇಕಾಗಿಯೂ ಇಲ್ಲ. ಆರಂಭದಲ್ಲಿ ಹೇಳಿದ ಮಗುವಿನ ಪದಗಳು ಕಾರಿನಲ್ಲಿ ಮನೆ ಸೇರುವಷ್ಟರಲ್ಲಿ ಎರಡರಿಂದ ಐದಾಗಿದ್ದವು.

‘ಎರಡು ಪದ ಜೋಡಿಸುವುದು’ ಎಂಬ ಮಾತಿನಲ್ಲಿ ಕನ್ನಡಕ್ಕೆ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಎರಡು ಮೂರು ಪದಗಳಲ್ಲಿ ಹೇಳುವುದನ್ನು ಕನ್ನಡ ಒಂದೇ ಪದದೊಳಗೆ ಕಟ್ಟುತ್ತದೆ. ‘ಮನೇಲಿ’ ಎಂಬ ಒಂದು ಪದದಲ್ಲಿ ಮನೆಯೂ ಇದೆ, ‘ಒಳಗೆ’ ಎಂಬ ಅರ್ಥವೂ ಇದೆ. ‘ಕೊಡಮ್ಮ’, ‘ಬರಲ್ಲ’, ‘ಬೇಡ’ ಎನ್ನುವ ಮಗು ಆಗಲೇ ಒಂದಕ್ಕಿಂತ ಹೆಚ್ಚು ಅರ್ಥಗಳನ್ನು ಜೋಡಿಸುತ್ತಿದೆ. ಆದ್ದರಿಂದ ಮಗುವಿನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಪದ ಎಣಿಸುವ ಬದಲು, ಅದು ಹೇಳಿದ್ದನ್ನು ಕನ್ನಡದಲ್ಲಿ ಇದ್ದಂತೆಯೇ ಬರೆದುಕೊಂಡು ಹೋಗಿ ವೈದ್ಯರಿಗೆ ಅರ್ಥ ವಿವರಿಸುವುದು ಉತ್ತಮ. ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡು, ಹೊಸ ಪದ ಕೇಳಿದಾಗಲೆಲ್ಲ ದಿನಾಂಕದೊಡನೆ ಸೇರಿಸುವುದು ಒಂದು ನಿಮಿಷದ ಕೆಲಸ. ‘ಅಮ್ಮ, ಮೋರ್ ಹಾಲು’ ಎಂಬಂತಹ ಬೆರಕೆ ಮಾತು ಗೊಂದಲದ ಲಕ್ಷಣವಲ್ಲ. ಎರಡು ಭಾಷೆಯ ಮಕ್ಕಳೆಲ್ಲರೂ ಹಾಗೆ ಆಡುತ್ತಾರೆ, ಬೆಂಗಳೂರಿನ ದೊಡ್ಡವರೂ ಆಡುತ್ತಾರೆ.

ಹಾಗಾದರೆ ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಿದರೆ ಮಾತು ಬೇಗ ಬರುವುದೇ? ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂಬುದು ಇಂದಿನ ವಾಕ್ ತಜ್ಞರ ನಿಲುವು. ತಂದೆತಾಯಿ ತಮಗೆ ಸಹಜವಾಗಿ ಬರುವ ಭಾಷೆಯಲ್ಲಿ ಹೆಚ್ಚು ಮಾತಾಡುತ್ತಾರೆ, ಹೆಚ್ಚು ಹಾಡುತ್ತಾರೆ, ಹೆಚ್ಚು ಮುದ್ದಿಸುತ್ತಾರೆ. ಮಗುವಿಗೆ ಬೇಕಾದದ್ದು ಆ ಸಮೃದ್ಧಿಯೇ. ಕಿವಿಯ ಕಡೆಯಿಂದಲೂ ಇದಕ್ಕೊಂದು ಕಾರಣವಿದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಕೆನಡಾದಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಹೋಗಿತ್ತು. ಕನ್ನಡದಲ್ಲಿಯೂ ಇರುವ ವ್ಯತ್ಯಾಸವಿದು. ‘ತಾತ’ ಮತ್ತು ‘ಟಾಟಾ’ ಬೇರೆ ಬೇರೆ ಎಂದು ಕೇಳುವ ಕಿವಿ ಉಳಿಯಬೇಕಾದರೆ ಎರಡನ್ನೂ ಆಡುವ ಬಾಯಿ ಹತ್ತಿರದಲ್ಲಿರಬೇಕು.

ಹತ್ತಿರದಲ್ಲಿ ಎಂಬ ಮಾತು ಇಲ್ಲಿ ಮುಖ್ಯ. ಅಮೆರಿಕಕ್ಕೆ ಸಂದರ್ಶಕರ ವೀಸಾದಲ್ಲಿ ಬರುವ ಅಜ್ಜಿ ತಾತಂದಿರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ಸಿಗುತ್ತದೆ. ಮೊದಲು ತಾಯಿಯ ಕಡೆಯವರು, ಅನಂತರ ತಂದೆಯ ಕಡೆಯವರು ಸರದಿಯಲ್ಲಿ ಬಂದು ಹೋಗುವ ಮನೆಗಳಲ್ಲಿ, ಮಗು ದಿನಕ್ಕೆ ಕೇಳುವ ಕನ್ನಡದ ಪ್ರಮಾಣ ವಿಮಾನದ ಟಿಕೆಟ್ಟಿನ ದಿನಾಂಕದಂತೆ ಏರಿಳಿಯುತ್ತದೆ. ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಸಿಯಾಟಲ್‌ನಲ್ಲಿ ನಡೆಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು, ಅದನ್ನೇ ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಯೂಟ್ಯೂಬಿನ ಕನ್ನಡ ಶಿಶುಗೀತೆ ಹಾಕಿ ಕೂರಿಸಿದರೆ ಸಾಲದು ಎಂಬುದಕ್ಕೆ ಇದು ಕಾರಣ. ವಿಡಿಯೊ ಕರೆಯ ವಿಷಯ ಬೇರೆ; ಅಲ್ಲಿ ಅಜ್ಜಿ ಮಗುವಿನ ನಗುವಿಗೆ ನಗುತ್ತಾರೆ, ಅದರ ಸದ್ದಿಗೆ ಉತ್ತರಿಸುತ್ತಾರೆ. 18 ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಪರದೆ ಬೇಡವೆಂದು ಹೇಳಿದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2016ರಲ್ಲಿ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿತು.

ಡೇ ಕೇರ್ ಸೇರಿದ ಮೇಲೆ ಕೆಲವು ಮಕ್ಕಳು ಅಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಹೊಸ ಭಾಷೆಯನ್ನು ಕೇಳಿಸಿಕೊಳ್ಳುವ ಮೌನದ ಅವಧಿ ಅದು. ಮನೆಗೆ ಬಂದ ಕೂಡಲೇ ಕನ್ನಡದಲ್ಲಿ ಎಂದಿನಂತೆ ಮಾತು ಶುರುವಾಗುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದ ಸಂಗತಿ. ಒಂದು ಭಾಷೆಯಲ್ಲಿ ಮಾತ್ರ ಹಿಂದೆ ಇದ್ದರೆ ಆ ಭಾಷೆಯ ಪರಿಚಯ ಸಾಲದೆಂದು ಅರ್ಥ. ಎರಡರಲ್ಲಿಯೂ ಹಿಂದೆ ಇದ್ದರೆ ಕಾರಣ ಬೇರೆ ಇರಬಹುದು.

ಪ್ರಶ್ನೆಯೊಳಗಿನ ಮನೆವಾರ್ತೆ

ಕೆಲವು ಪ್ರಶ್ನೆಗಳು ಮಗುವಿಗಿಂತ ಮನೆಯ ರೀತಿಯನ್ನೇ ಕೇಳುತ್ತವೆ. ‘ಚಮಚ ಬಳಸಲು ಯತ್ನಿಸುತ್ತದೆಯೇ’ ಎಂಬ ಪ್ರಶ್ನೆಗೆ, ತಾಯಿಯೇ ಕೈತುತ್ತು ಹಾಕುವ ಮನೆಯಲ್ಲಿ ‘ಇಲ್ಲ’ ಎಂಬ ಉತ್ತರ ಬರುವುದು ಸಹಜ. ಆ ಮಗುವಿನ ಕೈಗೆ ಚಮಚವೇ ಬಂದಿರುವುದಿಲ್ಲ. ‘ಕೈ ಬೀಸುತ್ತದೆಯೇ’ ಎಂಬ ಪ್ರಶ್ನೆಗೆ, ‘ಜೋತ ಮಾಡು’ ಎಂದೊಡನೆ ಕೈಮುಗಿಯುವ ಮಗುವಿನ ಬಗ್ಗೆ ಹೇಳಬಹುದು, ಏಕೆಂದರೆ ಅಲ್ಲಿ ನೋಡುವುದು ಸಂಜ್ಞೆಯ ಮೂಲಕ ಇತರರೊಡನೆ ವ್ಯವಹರಿಸುವುದನ್ನು. ‘ಇಲ್ಲ’ ಎಂದು ಬರೆಯುವ ಮೊದಲು, ‘ಮಾಡಲು ಬರುವುದಿಲ್ಲ’ ಮತ್ತು ‘ಮಾಡಲು ಬಿಟ್ಟಿಲ್ಲ’ ಎಂಬ ಎರಡನ್ನು ಬೇರ್ಪಡಿಸಬೇಕು. ಎರಡನೆಯದಾದರೆ ವಾರದ ಮಟ್ಟಿಗೆ ಚಮಚ ಕೊಟ್ಟು ನೋಡಬಹುದು. ಗೋಡೆಗೆಲ್ಲ ಅನ್ನ ಮೆತ್ತಿಕೊಳ್ಳುತ್ತದೆ, ಅಷ್ಟೆ.

ಪ್ರಶ್ನಾವಳಿ ಒಂದು ಜರಡಿ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಆದರೆ ಉಳಿದದ್ದನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಂಕ ಕಡಿಮೆ ಬಂದರೆ ‘ಮಗುವಿಗೆ ತೊಂದರೆ ಇದೆ’ ಎಂದಲ್ಲ, ‘ವಿವರವಾಗಿ ಪರೀಕ್ಷಿಸೋಣ’ ಎಂದಷ್ಟೇ ಅರ್ಥ.

ಎಲ್ಲಿ ಯಾರು ನೋಡುತ್ತಾರೆ

ಅಮೆರಿಕದಲ್ಲಿ ಮಕ್ಕಳ ವೈದ್ಯರು 9, 18 ಮತ್ತು 30 ತಿಂಗಳಿಗೆ ಸಾಮಾನ್ಯ ಬೆಳವಣಿಗೆಯನ್ನೂ, 18 ಮತ್ತು 24 ತಿಂಗಳಿಗೆ ಆಟಿಸಂನ ಲಕ್ಷಣಗಳನ್ನೂ ಪ್ರಶ್ನಾವಳಿಯ ಮೂಲಕ ನೋಡಬೇಕೆಂಬ ಶಿಫಾರಸಿದೆ. ಅನುಮಾನ ಬಂದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರತಿ ರಾಜ್ಯದಲ್ಲಿಯೂ ‘ಅರ್ಲಿ ಇಂಟರ್‌ವೆನ್ಷನ್’, ಅಂದರೆ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವು ಕೊಡುವ ಸರ್ಕಾರಿ ವ್ಯವಸ್ಥೆಯಿದೆ. ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿಗಳು ಇಲ್ಲಿವೆ: ವೈದ್ಯರ ಚೀಟಿಯಿಲ್ಲದೆ ತಂದೆತಾಯಿಯೇ ಕರೆ ಮಾಡಬಹುದು, ಪರೀಕ್ಷೆ ಉಚಿತ, ಕಾನೂನು ಪೌರತ್ವವನ್ನು ಷರತ್ತಾಗಿಸಿಲ್ಲ, ಸಾಧ್ಯವಿದ್ದಲ್ಲೆಲ್ಲ ಮಗುವಿನ ಮನೆಮಾತಿನಲ್ಲಿ ಪರೀಕ್ಷಿಸಬೇಕು, ಮಗು ಅರ್ಹವೆಂದು ಕಂಡರೆ, ಮೊದಲ ವಿಚಾರಣೆಯಿಂದ 45 ದಿನದೊಳಗೆ ಅದಕ್ಕೆ ಬೇಕಾದ ನೆರವಿನ ಯೋಜನೆಯ ಸಭೆ ನಡೆಯಬೇಕು. ಮೂರು ತುಂಬಿದ ಮೇಲೆ ಜವಾಬ್ದಾರಿ ಸ್ಥಳೀಯ ಸರ್ಕಾರಿ ಶಾಲಾ ಜಿಲ್ಲೆಗೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಹೆಲ್ತ್ ವಿಸಿಟರ್ ಎಂಬ ತರಬೇತಿ ಪಡೆದ ನರ್ಸ್ ಮನೆಗೇ ಬರುತ್ತಾರೆ. ಒಂದು ವರ್ಷದ ಸುಮಾರಿಗೆ ಮತ್ತು ಎರಡರಿಂದ ಎರಡೂವರೆ ವರ್ಷದ ನಡುವೆ ಬೆಳವಣಿಗೆಯ ತಪಾಸಣೆ ನಡೆಯುತ್ತದೆ, ಎಲ್ಲವೂ ‘ರೆಡ್ ಬುಕ್’ ಎಂಬ ಕೆಂಪು ಪುಸ್ತಕದಲ್ಲಿ ದಾಖಲಾಗುತ್ತದೆ. ಜರ್ಮನಿಯಲ್ಲಿ ಪುಸ್ತಕದ ಬಣ್ಣ ಹಳದಿ. ಹುಟ್ಟಿದಂದಿನಿಂದ ಶಾಲೆಗೆ ಸೇರುವ ಮುಂಚಿನವರೆಗೆ ಯು-1ರಿಂದ ಯು-9ರ ತನಕ ತಪಾಸಣೆಗಳಿವೆ. ಬವೇರಿಯಾ, ಹೆಸ್ಸೆ ಮುಂತಾದ ರಾಜ್ಯಗಳಲ್ಲಿ ಅವು ಕಡ್ಡಾಯ.

ಊರಿಗೆ ಹೋಗುವ ತನಕ ಕಾಯಬಾರದ ಸಂಗತಿಗಳು

ಹನ್ನೆರಡು ತಿಂಗಳಾದರೂ ‘ಬಬಬ’, ‘ದದದ’ ಎಂಬ ತೊದಲು ಇಲ್ಲದಿರುವುದು, ಕೈ ಬೀಸುವುದು, ಬೆರಳು ತೋರುವುದು ಮುಂತಾದ ಯಾವ ಸಂಜ್ಞೆಯೂ ಇಲ್ಲದಿರುವುದು. 16 ತಿಂಗಳಾದರೂ ಯಾವ ಭಾಷೆಯಲ್ಲಿಯೂ ಒಂದು ಪದವೂ ಇಲ್ಲದಿರುವುದು. 18 ತಿಂಗಳಾದರೂ ನಡೆಯದಿರುವುದು. 24 ತಿಂಗಳಾದರೂ ತಾನಾಗಿ ಎರಡು ಪದ ಸೇರಿಸದಿರುವುದು ಇವು ಕೂಡಲೇ ತೋರಿಸಬೇಕಾದ ಲಕ್ಷಣಗಳು. ಎಲ್ಲಕ್ಕಿಂತ ಗಂಭೀರವಾದದ್ದು, ಬಂದಿದ್ದ ಮಾತು ಅಥವಾ ಒಡನಾಟ ಯಾವ ವಯಸ್ಸಿನಲ್ಲಾದರೂ ಹಿಂದಕ್ಕೆ ಹೋಗುವುದು. ದೇಶ ಬದಲಾದಾಗ ಮಕ್ಕಳು ಅಂಟಿಕೊಳ್ಳುತ್ತಾರೆ, ನಿದ್ದೆ ಕೆಡಿಸಿಕೊಳ್ಳುತ್ತಾರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಬಹುದು. ಇವು ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಹೇಳುತ್ತಿದ್ದ ಪದಗಳನ್ನೇ ಬಿಡುವುದು, ಹೆಸರು ಕರೆದರೆ ತಿರುಗದಿರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಪ್ರಯಾಣದ ಆಯಾಸವಲ್ಲ.

ಕಾಯುವುದರಿಂದ ಹೊರದೇಶದಲ್ಲಿರುವವರಿಗೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂತಹುದು. ಇಪ್ಪತ್ತನೇ ತಿಂಗಳಿಗೆ ಅನುಮಾನ ಬಂದು, ‘ಇನ್ನು ಹತ್ತು ತಿಂಗಳಿಗೆ ವಾಪಸ್ ಹೋಗುತ್ತೇವಲ್ಲ’ ಎಂದು ಸುಮ್ಮನಾದರೆ ಮಗುವಿಗೆ ಎರಡೂವರೆ ವರ್ಷವಾಗಿರುತ್ತದೆ. ಅನಂತರ ಮನೆ ಹುಡುಕಿ, ಸಾಮಾನು ಬಿಚ್ಚಿ, ವೈದ್ಯರನ್ನು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಮೂರು ತುಂಬುತ್ತದೆ. ಮಿದುಳು ಅತಿ ವೇಗವಾಗಿ ಕಲಿಯುವ ವರ್ಷಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಎರಡು ದೇಶಗಳ ನಡುವೆ ಕಳೆದುಹೋಗುತ್ತದೆ.

ಮಾತು ತಡವಾದ ಮಗುವಿಗೆ ಮೊದಲು ಮಾಡಬೇಕಾದದ್ದು ಕಿವಿಯ ಪರೀಕ್ಷೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಹುಟ್ಟಿದ ಕೂಸುಗಳಿಗೆ ಇದನ್ನು ನವಜಾತ ಹಂತದಲ್ಲೇ ವಾಡಿಕೆಯಾಗಿ ಮಾಡುತ್ತಾರೆ. ಭಾರತದಲ್ಲಿ ಎಲ್ಲ ಆಸ್ಪತ್ರೆಗಳಲ್ಲಿಯೂ ಮಾಡುವುದಿಲ್ಲ. ಆರು ತಿಂಗಳ ಕೂಸನ್ನು ಎತ್ತಿಕೊಂಡು ವಿಮಾನ ಹತ್ತಿದವರ ಬಗ್ಗೆ, ಆ ಪರೀಕ್ಷೆ ಆಗಿದೆಯೆಂದು ಅಲ್ಲಿನ ವೈದ್ಯರು ಭಾವಿಸುವುದೂ, ಅಲ್ಲಿ ಮಾಡಿರುತ್ತಾರೆಂದು ಇಲ್ಲಿನವರು ಭಾವಿಸುವುದೂ ಸುಲಭ.

ದಾಖಲೆಯ ತೊಡಕುಗಳು

ಭಾರತದ ಲಸಿಕೆ ಕಾರ್ಯಕ್ರಮದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸು 9 ತಿಂಗಳು ತುಂಬಿದಾಗ. ಅಮೆರಿಕದಲ್ಲಿ ಅದಕ್ಕೆ ಸಮನಾದ ಲಸಿಕೆ 12ರಿಂದ 15 ತಿಂಗಳ ನಡುವೆ, ಮತ್ತು 12 ತಿಂಗಳಿಗೆ ಮುಂಚೆ ಕೊಟ್ಟ ಡೋಸನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಹಾಕಬೇಕೆಂದಾಗ ಗಾಬರಿಯಾಗಬೇಕಿಲ್ಲ; ಎರಡು ದೇಶಗಳಲ್ಲಿ ರೋಗದ ಹರಡುವಿಕೆ ಬೇರೆಯಾದ್ದರಿಂದ ಸಮಯವೂ ಬೇರೆ. ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆ ಅಮೆರಿಕದಲ್ಲಿ ವಾಡಿಕೆಯಲ್ಲಿಲ್ಲ. ನಮ್ಮ ಮಕ್ಕಳ ತೋಳಿನಲ್ಲಿ ಕಲೆ ಉಳಿಸುವ ಆ ಲಸಿಕೆಯ ಕಾರಣದಿಂದ ಕ್ಷಯದ ಚರ್ಮ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು, ರಕ್ತ ಪರೀಕ್ಷೆಗೆ ಆ ತೊಂದರೆಯಿಲ್ಲ. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ದಡಾರ ಲಸಿಕೆಯ ಪುರಾವೆಯಿಲ್ಲದೆ ಒಂದು ವರ್ಷ ದಾಟಿದ ಮಗುವನ್ನು ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ.

ತಾಯಿ ಕಾರ್ಡಿನಲ್ಲಿ 05/04 ಎಂದರೆ ಏಪ್ರಿಲ್ 5. ಅಮೆರಿಕದ ಗುಮಾಸ್ತರಿಗೆ ಅದು ಮೇ 4. ಲಸಿಕೆಗಳ ನಡುವಿನ ಕನಿಷ್ಠ ಅಂತರವನ್ನು ಕಂಪ್ಯೂಟರ್ ಲೆಕ್ಕ ಹಾಕುವ ಕಡೆ ಈ ಒಂದು ತಪ್ಪಿನಿಂದ ಸರಿಯಾದ ಡೋಸು ಅಮಾನ್ಯವಾಗಬಹುದು. ಆದ್ದರಿಂದ ಹೊರಡುವ ಮುನ್ನವೇ ವೈದ್ಯರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ, ಸಹಿ ಮೊಹರು ಹಾಕಿಸಿ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಪೂರ್ಣ ಹೆಸರಿನೊಂದಿಗೆ ಇಟ್ಟುಕೊಳ್ಳಬೇಕು. ಇನಿಷಿಯಲ್ ಒಂದು ಕಡೆ, ತಂದೆಯ ಹೆಸರು ಇನ್ನೊಂದು ಕಡೆ ಇದ್ದರೆ ಒಂದೇ ಮಗುವಿಗೆ ಎರಡು ಕಡತ ಹುಟ್ಟುತ್ತದೆ. ತೂಕವನ್ನು ಅಲ್ಲಿ ಪೌಂಡಿನಲ್ಲಿ ಹೇಳುತ್ತಾರೆ: 22 ಪೌಂಡ್ ಎಂದರೆ ಸುಮಾರು 10 ಕೆ.ಜಿ.

ಮರಳಿ ಬಂದ ಮೇಲೆ

ವಾಪಸಾದ ಮೊದಲ ವಾರಗಳಲ್ಲಿ ಭಾಷೆಯ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಡೇ ಕೇರಿನಲ್ಲಿ ಇಂಗ್ಲಿಷ್ ಕಲಿತ ಮಗು ಇಲ್ಲಿನ ಶಿಶುವಿಹಾರದಲ್ಲಿ ಮತ್ತೊಮ್ಮೆ ಮೌನವಾಗಬಹುದು. ಅಮೆರಿಕದಲ್ಲಿ ಹುಟ್ಟಿದ ಮಗುವಾದರೆ ಬಿಸಿಜಿಯ ಬಗ್ಗೆ ಇಲ್ಲಿನ ವೈದ್ಯರನ್ನು ಬೇಗ ಕೇಳಬೇಕು. ಭಾರತದ ಕಾರ್ಯಕ್ರಮದಲ್ಲಿ ಅದನ್ನು ಒಂದು ವರ್ಷದೊಳಗೆ ಕೊಡುತ್ತಾರೆ.

ಬೆಳವಣಿಗೆಯ ಅನುಮಾನ ಇದ್ದವರಿಗೆ ಕರ್ನಾಟಕದಲ್ಲಿ ದಾರಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ, ಮಾತು ಮತ್ತು ಕಿವಿಯ ಸಮಸ್ಯೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಹೊರದೇಶದಲ್ಲಿ ಮಾಡಿಸಿದ ಪರೀಕ್ಷೆಯ ವರದಿಯನ್ನು ಇಲ್ಲಿಗೆ ಒಯ್ಯುವಾಗ ಒಂದು ಸಂಗತಿ ನೆನಪಿರಲಿ: ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಪರೀಕ್ಷೆಯಲ್ಲಿ ಬಂದ ಅಂಕ ಕನ್ನಡದ ಮಗುವಿಗೆ ಹಾಗೆಯೇ ಅನ್ವಯಿಸುವುದಿಲ್ಲವಾದ್ದರಿಂದ, ಮಾತಿನ ಪರೀಕ್ಷೆಯನ್ನು ಇಲ್ಲಿ ಮತ್ತೆ ಕನ್ನಡದಲ್ಲಿ ಮಾಡಬೇಕಾಗಬಹುದು. ಆ ಕಡತದಲ್ಲಿ ಇಲ್ಲಿನ ತಜ್ಞರು ಮೊದಲು ಹುಡುಕುವುದು ಕಿವಿಯ ಪರೀಕ್ಷೆಯ ಫಲಿತಾಂಶವನ್ನು; ಅದರ ಜೊತೆಗೆ ಮನೆಯವರು ದಿನಾಂಕ ಹಾಕಿ ಬರೆದಿಟ್ಟ ‘ಬೌ ಬೌ’, ‘ಮಮ್ಮು’ಗಳ ಪಟ್ಟಿ ಮತ್ತು ಫೋನಿನಲ್ಲಿ ತೆಗೆದ ಎರಡು ಮೂರು ವಿಡಿಯೊ ಇದ್ದರೆ, ಅಪರಿಚಿತ ಕೋಣೆಯಲ್ಲಿ ಮಗು ಬಾಯಿಯೇ ಬಿಡದ ದಿನವೂ ಅವರಿಗೆ ನೋಡಲು ಏನಾದರೂ ಇರುತ್ತದೆ.